ನದಿಯಾಚೆಯ ಮೂರು ನಿಮಿಷ

ಐದನೆಯ ಹಳ್ಳಿಗೆ ಎಲ್ಲಿಯೂ ಜಾಗ ಸಿಗಲಿಲ್ಲ. ನಾಲ್ಕನ್ನು ಹೇಗೋ ಕಾಗದದ ಮೇಲೆ ಕೂರಿಸಿದ್ದೆ. ಐದನೆಯದನ್ನು ಎಲ್ಲಿಟ್ಟರೂ ಅದು ಉಳಿದವುಗಳಲ್ಲಿ ಒಂದಕ್ಕೆ ಅತಿಯಾಗಿ ಹತ್ತಿರವಾಗುತ್ತಿತ್ತು. ಮ್ಯೂನಿಕ್ ಪಕ್ಕದ ಗಾರ್ಕಿಂಗ್‌ನ ನಮ್ಮ ಸಂಶೋಧನಾ ಸಂಸ್ಥೆಯ ಕ್ಯಾಂಟೀನಿನಲ್ಲಿ ಸೂಪು ಆರಿ ತಣ್ಣಗಾಗುತ್ತಿದ್ದರೂ ನಾನು ಟಿಶ್ಯೂ ಕಾಗದದ ಮೇಲೆ ಚುಕ್ಕೆ ಇಡುತ್ತಲೇ ಕುಳಿತಿದ್ದೆ. ನಮ್ಮ ಯೋಜನೆಯ ಸಾಫ್ಟ್‌ವೇರ್ ಬರೆಯುತ್ತಿದ್ದ ಮೈಸೂರಿನ ಸಹೋದ್ಯೋಗಿ ಎದುರಿಗೆ ಕುಳಿತು ತನ್ನ ತಟ್ಟೆ ಮುಗಿಸಿ, ನನ್ನ ಬ್ರೆಡ್ಡಿಗೂ ಕೈ ಹಾಕಿದ್ದ.

"ಆಗಲ್ಲ ಅಂತ ನಿಮ್ಗೇ ಗೊತ್ತು. ಮತ್ತ್ಯಾಕೆ ಗೀಚ್ತಾ ಇದ್ದೀರಾ ಗುರು?" ಅಂದ. ಹೆಂಗಸರನ್ನೂ ಗುರು ಎನ್ನುವುದು ಅವನ ಚಾಳಿ.

"ಆಗುದಿಲ್ಲ ಅಂತ ಗೊತ್ತುಂಟು ಮಾರಾಯ. ಅದನ್ನು ಪ್ರೊಫೆಸರಿಗೆ ಹೇಗೆ ಹೇಳುದು ಅಂತ ನೋಡ್ತಿದ್ದೇನೆ."

ನಮ್ಮ ಕೆಲಸ ಇಷ್ಟೇ. ಮ್ಯೂನಿಕ್‌ನಿಂದ ಉತ್ತರಕ್ಕೆ, ಡ್ಯಾನ್ಯೂಬ್ ಕಡೆಯ ಒಂದು ಜಿಲ್ಲೆಯಲ್ಲಿ ಕಾಯಿಲೆಯ ಕೊನೆಯ ಹಂತದಲ್ಲಿ ಇರುವವರ ಮನೆಗೇ ಹೋಗಿ ಆರೈಕೆ ಮಾಡುವ ನರ್ಸುಗಳ ಒಂದು ತಂಡವಿದೆ. ಆಸ್ಪತ್ರೆ ಬೇಡ, ನನ್ನ ಹಾಸಿಗೆಯಲ್ಲೇ ಸಾಯುತ್ತೇನೆ ಎಂದವರ ಮನೆಗಳಿಗೆ ಅವರ ಬಿಳಿ ಕಾರುಗಳು ದಿನವಿಡೀ ಓಡಾಡುತ್ತಿರುತ್ತವೆ. ಯಾರಿಗೋ ನೋವು ಏರುತ್ತದೆ, ಉಸಿರು ಕಟ್ಟುತ್ತದೆ, ಮನೆಯವರು ಫೋನ್ ಮಾಡುತ್ತಾರೆ. ಆಗ ಯಾವ ನರ್ಸು ಎಲ್ಲರಿಗಿಂತ ಬೇಗ ಆ ಮನೆ ಮುಟ್ಟಬಹುದು? ಕಚೇರಿಯಲ್ಲಿ ಕುಳಿತ ಸಂಯೋಜಕಿ ಒಬ್ಬೊಬ್ಬರಿಗೇ ಫೋನ್ ಮಾಡಿ, ಎಲ್ಲಿದ್ದೀರಿ, ಎಷ್ಟು ಹೊತ್ತಾಗುತ್ತದೆ ಎಂದು ಕೇಳುತ್ತಿದ್ದಳು. ಆ ಕೇಳಾಟದಲ್ಲೇ ಹೊತ್ತು ಹೋಗುತ್ತಿತ್ತು, ಹಾಸಿಗೆಯಲ್ಲಿದ್ದವರು ಹಲ್ಲು ಕಚ್ಚಿ ಕಾಯುತ್ತಿದ್ದರು. ಅದನ್ನು ತಪ್ಪಿಸಬೇಕಿತ್ತು.

ಯಾವುದಾದರೂ ಆನ್‌ಲೈನ್ ನಕ್ಷೆಯನ್ನು ಕೇಳಿದರಾಯಿತಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿದ್ದೆ. ಸಾಯುತ್ತಿರುವವರ ವಿಳಾಸ ಹೊರಗಿನ ಯಾವ ಕಂಪ್ಯೂಟರಿಗೂ ಹೋಗುವಂತಿಲ್ಲ ಎಂದು ಡಾಟೆನ್‌ಶುಟ್ಸ್, ಅಂದರೆ ಖಾಸಗಿ ಮಾಹಿತಿಯ ಕಾವಲಿನ ಅಧಿಕಾರಿ ಒಂದೇ ಮಾತಿನಲ್ಲಿ ತಳ್ಳಿಹಾಕಿದ. ಜೊತೆಗೆ ಆ ಕಣಿವೆಗಳಲ್ಲಿ ಫೋನ್ ಕರೆ, ಮೆಸೇಜು ದಾಟಿದರೂ ಇಂಟರ್‌ನೆಟ್ ಸತ್ತೇ ಹೋಗುತ್ತದೆ. ಹಾಗಾಗಿ ಪ್ರತಿ ಮನೆಗೂ, ಪ್ರತಿ ಕೂಡುರಸ್ತೆಗೂ ಕೆಲವೇ ಸಂಖ್ಯೆಗಳನ್ನು ಕೊಟ್ಟು, ನಕ್ಷೆಯೂ ಇಂಟರ್‌ನೆಟ್ಟೂ ಇಲ್ಲದ ಟ್ಯಾಬ್ಲೆಟ್ಟು ಬರೀ ಆ ಸಂಖ್ಯೆಗಳಿಂದಲೇ ನಿಮಿಷಗಳನ್ನು ಹೇಳುವಂತೆ ಮಾಡಬೇಕು. ಎಲ್ಲ ಬಿಂದುಗಳ ನಡುವಿನ ದೂರ ಗೊತ್ತಿರುವ ಒಂದು ಸಮೂಹವನ್ನು ಗಣಿತದಲ್ಲಿ ಮೆಟ್ರಿಕ್ ಸ್ಪೇಸ್ ಅನ್ನುತ್ತೇವೆ. ನಮ್ಮ ದೂರವೆಂದರೆ ಕಾರಿನ ನಿಮಿಷಗಳು. ಆ ದೂರಗಳು ಕೆಡದಂತೆ ಅದನ್ನು ಕಡಿಮೆ ಆಯಾಮದ, ಅಂದರೆ ಒಂದು ಬಿಂದುವಿಗೆ ಕೆಲವೇ ಸಂಖ್ಯೆ ಸಾಕಾಗುವ ಜಾಗಕ್ಕೆ ಇಳಿಸುವುದು ನನ್ನ ಕಸುಬು, ನನ್ನ ಪಿಎಚ್‌ಡಿ ನಿಂತಿದ್ದೂ ಅದರ ಮೇಲೆ.

ಪ್ರೊಫೆಸರಿಗೆ ಎರಡೇ ಆಯಾಮ ಬೇಕಿತ್ತು. ಎರಡಿದ್ದರೆ ಪರದೆಯ ಮೇಲೆ ಚಿತ್ರ ಬರುತ್ತದೆ. ಹತ್ತಿರ ಕಂಡದ್ದು ಬೇಗ ತಲುಪುವ ಮನೆ, ದೂರ ಕಂಡದ್ದು ತಡ. ಹಣ ಕೊಡುವವರ ಸಭೆಯಲ್ಲಿ ಆ ಚಿತ್ರ ತೆರೆದರೆ ಬೇರೆ ಮಾತೇ ಬೇಡ ಎಂಬುದು ಅವರ ನಂಬಿಕೆ. ಒಳ್ಳೆಯ ಮನುಷ್ಯ, ಚಿತ್ರದ ಮೋಹ ಮಾತ್ರ ಸ್ವಲ್ಪ ಹೆಚ್ಚು.

ಮರುದಿನ ಅವರ ಕೋಣೆಯ ಬೋರ್ಡಿನ ಮೇಲೆ ನನ್ನ ಐದು ಹಳ್ಳಿಗಳನ್ನು ಬರೆದೆ. ನಡುವೆ ಒಂದು ಕೂಡುರಸ್ತೆ. ಅಲ್ಲಿಂದ ಐದು ದಿಕ್ಕಿಗೆ ಐದು ರಸ್ತೆ, ಪ್ರತಿಯೊಂದರ ತುದಿಗೂ ಹತ್ತು ನಿಮಿಷ. ಒಂದು ತುದಿಯಿಂದ ಇನ್ನೊಂದಕ್ಕೆ ಕೂಡುರಸ್ತೆಯ ಮೂಲಕವೇ ಹೋಗಬೇಕಾದ್ದರಿಂದ ಇಪ್ಪತ್ತು. ಸಾಮಾನ್ಯ ಅಳತೆಪಟ್ಟಿ ಹಿಡಿದರೆ ಮೂರು ಹಳ್ಳಿಗಳನ್ನು ಕೂಡ ಕೂರಿಸಲಾಗುವುದಿಲ್ಲ, ಯಾಕೆಂದರೆ ಯಾವ ಎರಡು ಹಳ್ಳಿ ಹಿಡಿದರೂ ಕೂಡುರಸ್ತೆ ಅವುಗಳ ನೇರ ಗೆರೆಯ ನಟ್ಟನಡುವೆ ಇರಬೇಕು. ಅಳತೆಯನ್ನೇ ಬದಲಿಸಿ, ಅಡ್ಡ ಅಂತರ ಮತ್ತು ಉದ್ದ ಅಂತರಗಳಲ್ಲಿ ಯಾವುದು ದೊಡ್ಡದೋ ಅದೇ ದೂರ ಎಂದಿಟ್ಟುಕೊಂಡರೆ ನಾಲ್ಕು ಹಳ್ಳಿ ಚೌಕದ ನಾಲ್ಕು ಮೂಲೆಯಲ್ಲಿ ಚೆಂದಕ್ಕೆ ಕೂರುತ್ತವೆ. ಐದನೆಯದಕ್ಕೆ ಮಾತ್ರ ಸಮತಲದ ಮೇಲೆ ಯಾವ ಅಳತೆಯಲ್ಲೂ ಜಾಗವಿಲ್ಲ. ಇದು ಹಿಂದಿನವರು ಎಂದೋ ತೋರಿಸಿಕೊಟ್ಟ ಸಂಗತಿ. ಪ್ರೊಫೆಸರ್ ಬೋರ್ಡನ್ನು ಬಹಳ ಹೊತ್ತು ನೋಡಿ, "ಸರಿ, ಚಿತ್ರ ಸಭೆಗೆ ಮಾತ್ರ ಇರಲಿ. ಟ್ಯಾಬ್ಲೆಟ್ಟಿಗೆ ಇನ್ನೂ ಕೆಲವು ಸಂಖ್ಯೆ ತಗೋ. ಆದರೆ ಕಡಿಮೆ ಇರಲಿ," ಅಂದರು.

ನಾನು ಹೆಗ್ಗುರುತುಗಳ ದಾರಿ ಹಿಡಿದೆ. ಜಿಲ್ಲೆಯ ಆಸ್ಪತ್ರೆ, ಔಷಧದ ಅಂಗಡಿಗಳು, ದೊಡ್ಡ ಕೂಡುರಸ್ತೆಗಳು, ಹೀಗೆ ಕೆಲವನ್ನು ಆರಿಸಿ, ಪ್ರತಿ ಮನೆಯಿಂದ ಅವಕ್ಕೆ ಎಷ್ಟು ನಿಮಿಷ ಎಂದು ಬರೆದಿಟ್ಟರೆ ಅವೇ ಆ ಮನೆಯ ಸಂಖ್ಯೆಗಳು. ನಿಮ್ಮ ಮನೆಯಿಂದ ಆಸ್ಪತ್ರೆಗೆ ಮೂವತ್ತು ನಿಮಿಷ, ನಮ್ಮ ಮನೆಯಿಂದ ಹತ್ತು ನಿಮಿಷ ಎಂದಾದರೆ ನಮ್ಮಿಬ್ಬರ ಮನೆಗಳ ನಡುವೆ ಇಪ್ಪತ್ತಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಎಲ್ಲ ಹೆಗ್ಗುರುತುಗಳಿಂದ ಹೀಗೆ ಕಳೆದು ನೋಡಿ, ಬಂದ ವ್ಯತ್ಯಾಸಗಳಲ್ಲಿ ಅತಿ ದೊಡ್ಡದನ್ನು ದೂರವೆಂದು ಹೇಳುವುದು. ಈ ಲೆಕ್ಕ ಎಂದೂ ದೂರವನ್ನು ಉಬ್ಬಿಸಿ ಹೇಳುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ವಿಪರೀತ ಪ್ರೀತಿ, ಸ್ವಲ್ಪ ಜಂಬವೂ ಇತ್ತು ಅನ್ನಿ.

ಪರೀಕ್ಷೆಗೆಂದು ತಂಡದವರು ತಮ್ಮ ಹಳೆಯ ಓಡಾಟಗಳ ಮಾಹಿತಿಯನ್ನು ಹೆಸರು ತೆಗೆದು ಕೊಟ್ಟಿದ್ದರು. ಎಲ್ಲಿಂದ ಹೊರಟು ಎಲ್ಲಿಗೆ ಹೋದರು, ಎಷ್ಟು ಹೊತ್ತು ಹಿಡಿಯಿತು. ನಮ್ಮ ಲೆಕ್ಕ ಅದರೊಂದಿಗೆ ಎಷ್ಟು ಹೊಂದಿತೆಂದರೆ ಮೈಸೂರಿನವನು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ.

"ಆವರೇಜ್ ಸೂಪರ್ ಆಗಿದೆ ಗುರು! ಎರರ್ ನೋಡಿ, ಒಂದು ಸಿಗ್ನಲ್‌ನಲ್ಲಿ ನಿಂತಷ್ಟೂ ಇಲ್ಲ."

ಪ್ರೊಫೆಸರ್ ಶುರುಮಾಡುವ ದಿನ ಗೊತ್ತುಮಾಡಿದರು. ನರ್ಸುಗಳ ತಂಡದ ಮುಖ್ಯಸ್ಥೆ ಅಂದೇ ಫೋನ್ ಮಾಡಿದಳು. ಮಂಗಳೂರು ಕಡೆಯವಳು, ಜರ್ಮನಿಗೆ ಬಂದು ಬಹಳ ವರ್ಷವಾದರೂ ಮಾತು ಮಾತ್ರ ನಿನ್ನೆ ಬಸ್ಸಿಳಿದಂತಿದೆ.

"ಆಯ್ತಂತಲ್ಲ ಮಾರಾಯ್ತಿ! ಇನ್ನು ಆ ಫೋನಿನ ಮಂಡೆಬಿಸಿ ಇಲ್ಲ ನಮಗೆ. ನಾನು ಕ್ಯಾಲೆಂಡರಲ್ಲಿ ಬರ್ದಾಯ್ತು, ಹಿಂದೆಮುಂದೆ ಮಾಡ್ಬೇಡ ಆಯ್ತಾ?"

ಎಲ್ಲರೂ ಖುಷಿಯಾಗಿದ್ದರು. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾರಿಡಾರಿನಲ್ಲಿ ಶತಪಥ ತಿರುಗಿದೆ, ಕಾಫಿ ತಂದು ಕುಡಿಯದೆ ಬಿಟ್ಟೆ, ಮೈಸೂರಿನವನ ಮೇಲೆ ವಿನಾಕಾರಣ ರೇಗಿದೆ. ಸರಾಸರಿ ಎಂಬ ಮಾತು ನನಗೆ ಮೊದಲಿನಿಂದಲೂ ಆಗಿಬರದು. ನೋವಿನಲ್ಲಿ ಕಾಯುವವರು ಸರಾಸರಿ ಹೊತ್ತು ಕಾಯುವುದಿಲ್ಲ, ತಮ್ಮ ಪಾಲಿಗೆ ಬಂದಷ್ಟು ಹೊತ್ತು ಕಾಯುತ್ತಾರೆ. ಕೊನೆಗೆ ಹಳೆಯ ಓಡಾಟಗಳನ್ನು ಬದಿಗಿಟ್ಟು, ಜಿಲ್ಲೆಯ ಯಾವ ಎರಡು ಮನೆ ಹಿಡಿದರೂ ನಡುವೆ ನಿಜವಾದ ರಸ್ತೆ-ನಿಮಿಷ ಎಷ್ಟೆಂದು, ಟ್ಯಾಬ್ಲೆಟ್ಟಿಗೆ ಹಿಡಿಸದ ಆ ಲೆಕ್ಕವನ್ನು ನಮ್ಮ ದೊಡ್ಡ ಕಂಪ್ಯೂಟರಿನಲ್ಲಿ ಹಾಕಿಸಿ, ಅತಿ ಕೆಟ್ಟು ಹೋದ ಜೋಡಿ ಮೊದಲು ಬರುವಂತೆ ಜೋಡಿಸಿದೆ.

ಎಲ್ಲಕ್ಕಿಂತ ಮೇಲೆ ಬಂದದ್ದು ಎರಡು ಹಳ್ಳಿಗಳು. ನಮ್ಮ ಲೆಕ್ಕದಲ್ಲಿ ಅವುಗಳ ನಡುವೆ ಮೂರು ನಿಮಿಷ. ರಸ್ತೆಯ ಲೆಕ್ಕದಲ್ಲಿ ಅರ್ಧ ಗಂಟೆಗೂ ಮೇಲೆ.

ಪ್ರೋಗ್ರಾಮಿನಲ್ಲೇ ಏನೋ ಎಡವಟ್ಟಾಗಿದೆ ಎಂದುಕೊಂಡೆ. ಸಾಲು ಸಾಲಾಗಿ ಪರಿಶೀಲಿಸಿದೆ, ತಪ್ಪು ಸಿಗಲಿಲ್ಲ. ಆಮೇಲೆ ನಕ್ಷೆ ತೆರೆದೆ. ಡ್ಯಾನ್ಯೂಬಿಗೆ ಸೇರುವ ಒಂದು ಸಣ್ಣ ನದಿ. ಒಂದು ಹಳ್ಳಿ ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ, ಎದುರುಬದುರು. ಸೇತುವೆ ಇರುವುದು ಬಹಳ ಕೆಳಗೆ. ಎರಡೂ ದಡದ ರಸ್ತೆಗಳು ಹಳ್ಳಿಗೆ ಬಂದು ಕೊನೆಯಾಗುತ್ತವೆ, ಮುಂದೆ ಕಾಡು. ಎಲ್ಲಿಗೆ ಹೋಗಬೇಕಾದರೂ ಇಬ್ಬರೂ ಆ ಸೇತುವೆಯ ಬಳಿ ಬರಬೇಕು, ಸೇತುವೆಗೆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದೂರ. ಹಾಗಾಗಿ ಆಸ್ಪತ್ರೆಯಿಂದ ಅಳೆದರೂ, ಅಂಗಡಿಯಿಂದ ಅಳೆದರೂ ಎರಡು ಹಳ್ಳಿಗಳ ಸಂಖ್ಯೆಗಳು ಹೆಚ್ಚುಕಡಿಮೆ ಅವೇ. ಕಳೆದರೆ ಉಳಿಯುವುದು ಮೂರೇ ನಿಮಿಷ. ಬೋರ್ಡಿನ ಮೇಲೆ ಪ್ರೊಫೆಸರಿಗೆ ಪಾಠ ಹೇಳಿದ ಅದೇ ಕೂಡುರಸ್ತೆಯ ಎರಡು ತುದಿಗಳು ಇವು. ಚಿತ್ರವನ್ನು ಕೈಬಿಡುವಂತೆ ಮಾಡಿದ ಆ ತೊಂದರೆ ನನ್ನ ಲೆಕ್ಕದೊಳಗೇ ಬಂದು ಕೂತಿತ್ತು, ನಾನು ಗಮನಿಸಿರಲಿಲ್ಲ.

ಹಾಗಾದರೆ ಪರೀಕ್ಷೆಯಲ್ಲಿ ಇದು ಯಾಕೆ ಕಾಣಲಿಲ್ಲ? ಹಳೆಯ ಓಡಾಟಗಳಲ್ಲಿ ಈ ದಡದಿಂದ ಆ ದಡಕ್ಕೆ ಹೋದ ಒಂದೇ ಒಂದು ನಿದರ್ಶನವಿರಲಿಲ್ಲ. ನಕ್ಷೆಯಲ್ಲಿ ನದಿ ಯಾರಿಗಾದರೂ ಕಾಣುತ್ತದೆ. ಸಂಯೋಜಕಿ ಯಾರನ್ನೂ ಅಲ್ಲಿಂದ ಅಲ್ಲಿಗೆ ಕಳಿಸಿರಲಿಲ್ಲ. ಮನುಷ್ಯರು ತಪ್ಪಿಸುತ್ತಾ ಬಂದ ಜೋಡಿಗಳು ನಮ್ಮ ಪರೀಕ್ಷೆಗೆ ಬರಲೇ ಇಲ್ಲ. ಅವರ ಜಾಣತನವನ್ನು ನಾವು ನಮ್ಮ ಗಣಿತದ ಅಂಕಕ್ಕೆ ಸೇರಿಸಿಕೊಂಡಿದ್ದೆವು. ಇನ್ನು ಮೇಲೆ ಆರಿಸುವುದು ಯಂತ್ರ. ಅದರ ಕೆಲಸವೇ ಅತಿ ಕಡಿಮೆ ನಿಮಿಷ ಎಲ್ಲಿದೆ ಎಂದು ಹುಡುಕುವುದು. ಸುಳ್ಳು ಮೂರು ನಿಮಿಷಗಳನ್ನೇ ಅದು ಹುಡುಕಿ ಹುಡುಕಿ ತರುತ್ತದೆ. ಇದು ಹೊಳೆದದ್ದೇ ಮೈಸೂರಿನವನನ್ನು ಕರೆದು ಪರದೆ ತೋರಿಸಿದೆ.

"ಆ ಊರನ್ನೂ ಒಂದು ಹೆಗ್ಗುರುತು ಮಾಡ್ಬಿಡಿ, ಮುಗೀತು," ಅಂದ ಮೈಸೂರಿನವನು.

ಮಾಡಿದೆ. ಆ ಜೋಡಿ ಸರಿಹೋಯಿತು. ಅದರ ಜಾಗಕ್ಕೆ ಕಾಡುಗುಡ್ಡದ ಎರಡು ಪಕ್ಕದ ಒಂಟಿಮನೆಗಳು ಬಂದವು. ಅಲ್ಲೊಂದು ಹೆಗ್ಗುರುತು ನೆಟ್ಟರೆ ರೈಲು ಹಳಿಯ ಎರಡು ಬದಿಯ ಬೀದಿಗಳು ತಲೆ ಎತ್ತಿದವು. ಹಲವು ದಿನ ಇದೇ ಆಟ. ಸಂಖ್ಯೆಗಳ ಪಟ್ಟಿ ಬೆಳೆಯುತ್ತಿತ್ತು, ಕೆಟ್ಟ ಜೋಡಿಗಳು ಮುಗಿಯುತ್ತಿರಲಿಲ್ಲ, ಕಡಿಮೆ ಆಯಾಮ ಎಂಬ ನನ್ನ ಪ್ರಬಂಧದ ಮಾತು ನಗೆಪಾಟಲಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಯು-ಬಾನ್ ಎಂಬ ಇಲ್ಲಿನ ಮೆಟ್ರೊ ರೈಲಿನಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿ ವಾಪಸು ಬರುವುದು ಮಾಮೂಲಾಯಿತು. ಊರಿಂದ ಅಮ್ಮ ವಿಡಿಯೊ ಕರೆ ಮಾಡಿ, "ಎಂತ ಹೀಗೆ ಮುಖ ಊದಿಸ್ಕೊಂಡಿದ್ದಿ?" ಎಂದರೆ ಅವರ ಮೇಲೂ ಹರಿಹಾಯ್ದೆ.

ಅಂಥದೇ ಒಂದು ದಿನ, ದಾಟಿ ಹೋದ ನಿಲ್ದಾಣದ ಬೆಂಚಿನ ಮೇಲೆ ಕುಳಿತು ನನ್ನನ್ನೇ ಬೈದುಕೊಳ್ಳುತ್ತಿದ್ದಾಗ ಒಂದು ವಿಷಯ ನೆಟ್ಟಗೆ ಕಂಡಿತು. ನನ್ನ ಲೆಕ್ಕ ದೂರ ಎಂದು ಹೇಳಿದರೆ ಕಣ್ಣುಮುಚ್ಚಿ ನಂಬಬಹುದು. ಹತ್ತಿರ ಎಂದು ಹೇಳುವ ಹಕ್ಕು ಅದಕ್ಕೆ ಯಾವತ್ತೂ ಇರಲಿಲ್ಲ. ಇದಕ್ಕಿಂತ ಕಡಿಮೆ ಇರಲಾರದು ಎಂಬ ಮಾತನ್ನು ನಾವು ಇಷ್ಟೇ ಇದೆ ಎಂದು ಓದುತ್ತಿದ್ದೆವು. ಅವೇ ಸಂಖ್ಯೆಗಳಿಂದ ಇನ್ನೊಂದು ಮಾತನ್ನೂ ಹೊರಡಿಸಬಹುದು. ನಿಮ್ಮ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ನಮ್ಮ ಮನೆಗೆ, ಎರಡನ್ನೂ ಕೂಡಿಸಿದರೆ ಅದಕ್ಕಿಂತ ಹೆಚ್ಚು ಹೊತ್ತು ಖಂಡಿತ ಬೇಡ. ಕಳೆದರೆ ಕೆಳಗಿನ ಮಿತಿ, ಕೂಡಿಸಿದರೆ ಮೇಲಿನ ಮಿತಿ. ಎರಡೂ ಹತ್ತಿರವಿದ್ದರೆ ಟ್ಯಾಬ್ಲೆಟ್ಟು ನಿಮಿಷ ಹೇಳಲಿ. ನಡುವೆ ಕಂದಕವಿದ್ದರೆ 'ಗೊತ್ತಿಲ್ಲ' ಎನ್ನಲಿ, ಸಂಯೋಜಕಿ ಫೋನ್ ಎತ್ತಲಿ. ಆಮೇಲೆ ನೆಟ್ಟ ಹೆಗ್ಗುರುತುಗಳನ್ನೆಲ್ಲ ಅವತ್ತೇ ಕಿತ್ತುಹಾಕಿದೆ.

ಸಭೆಯಲ್ಲಿ ಇದನ್ನು ಹೇಳಿದಾಗ ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದರೆ ನಾವು ದೂರಗಳನ್ನು ಉಳಿಸಿದ್ದೇವೆ ಎಂದು ಬರೆಯುವಂತಿಲ್ಲ. ನಿನ್ನ ಪ್ರಬಂಧದ ಕಥೆ?" ಎಂದು ಕೇಳಿದರು. ಅವರಿಗಿಂತ ಜೋರಾಗಿ ಎದುರಾದವಳು ಪರದೆಯ ಮೇಲೆ ಸೇರಿಕೊಂಡಿದ್ದ ನಮ್ಮ ಮಂಗಳೂರಿನವಳು. ಜರ್ಮನಿನಲ್ಲಿ ಒಂದೆರಡು ಮಾತಾಡಿ, ಸಿಟ್ಟು ನೆತ್ತಿಗೇರಿ ಕನ್ನಡಕ್ಕೆ ಇಳಿದಳು.

"ಗೊತ್ತಿಲ್ಲ ಹೇಳ್ಲಿಕ್ಕೆ ನಮಗೆ ಮೆಷಿನ್ ಎಂತಕ್ಕೆ ಮಾರಾಯ್ತಿ? ಅದು ನಮಗೇ ಬರ್ತದಲ್ಲ! ಒಂದೊಂದು ದಿನ ತಡ ಆದ್ರೆ ಅಲ್ಲಿ ಯಾರು ನರಳುದು, ನೀನಾ? ಎರಡು ಹಳ್ಳಿಗೋಸ್ಕರ ಇಡೀ ಜಿಲ್ಲೆ ಕಾಯ್ಬೇಕಾ?"

ಅವಳ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ಇನ್ನಷ್ಟು ಚುಚ್ಚಿತು. "ಎರಡೇ ಹಳ್ಳಿ ಅಲ್ಲ ಅಕ್ಕ. ಎಷ್ಟು ಉಂಟು ಅಂತ ಗೊತ್ತಾಗುದು ಯಾರಾದ್ರೂ ಕಾಯ್ತಾ ಮಲಗಿದ ಮೇಲೆ," ಅಂದೆ. ಮತ್ತೆ ಎಲ್ಲರಿಗೂ ಕೇಳುವಂತೆ ಜರ್ಮನಿನಲ್ಲಿ, ಸುಳ್ಳು ಮೂರು ನಿಮಿಷ ತೋರಿಸುವ ಪರದೆಗೆ ನನ್ನ ಭಾಗದ ಪ್ರೋಗ್ರಾಮ್ ಕೊಡುವುದಿಲ್ಲ, ಬೇಕಾದರೆ ನನ್ನನ್ನು ಬಿಟ್ಟು ಮುಂದುವರಿಯಿರಿ ಎಂದೆ. ಹೆದರಿಕೆಯಾಯಿತು, ಯಾಕೆಂದರೆ ಅವರು ಬಿಟ್ಟೇ ಮುಂದುವರಿದಿದ್ದರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಮೈಸೂರಿನವನು ತಲೆ ಎತ್ತದೆ, "ನಾನು ನಿಗದಿಯಾದ ದಿನಕ್ಕೇ ಹಾಕ್ಕೊಡ್ತೀನಿ. ಗೊತ್ತಿಲ್ಲ ಅನ್ನೋದನ್ನ ಕಿತ್ತಳೆ ಬಣ್ಣದಲ್ಲಿ ತೋರ್ಸೋಣ ಗುರು," ಅಂದ. ಪ್ರೊಫೆಸರ್ ಕನ್ನಡಕ ಹಾಕಿಕೊಂಡು, ಹಣ ಕೊಡುವವರಿಗೆ ತೋರಿಸಲಿದ್ದ ಆ ಚೆಂದದ ಚಿತ್ರವನ್ನು ತಾವೇ ಅಳಿಸಿದರು. ಮಂಗಳೂರಿನವಳು ಮಾತ್ರ ಪಟ್ಟು ಬಿಡಲಿಲ್ಲ. "ಮೊದಲ ದಿನ ನೀನೇ ನನ್ನ ಕಾರಲ್ಲಿ ಕೂತ್ಕೊಂಡು ಬಾ. ನಿನ್ನ ಗೊತ್ತಿಲ್ಲವನ್ನು ನೀನೇ ನೋಡು," ಎಂದು ಕರೆ ಕಡಿದಳು.

ಹೋದೆ. ಮೈಕೊರೆಯುವ ಚಳಿ, ಮಂಜು ಆಗಷ್ಟೇ ಹರಿಯುತ್ತಿತ್ತು. ಬೆಳಗಿನಿಂದ ಕೆಲವು ಸಲ ಟ್ಯಾಬ್ಲೆಟ್ಟು ನಿಮಿಷ ಹೇಳಿತ್ತು, ಕೆಲವು ಸಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ತಿರುಗಿದಾಗಲೆಲ್ಲ ಅವಳು ನನ್ನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನಾವು ನದಿದಡದ ಆ ಹಳ್ಳಿಯಲ್ಲೇ ಮುದುಕರೊಬ್ಬರ ಔಷಧದ ಪಂಪು ಬದಲಿಸಿ ಹೊರಗೆ ಬಂದಿದ್ದೆವು. ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಟ್ಯಾಬ್ಲೆಟ್ಟು ಗುಂಯ್‌ಗುಟ್ಟಿತು. ಆಚೆ ದಡದ ಹಳ್ಳಿಯಿಂದ ಕರೆ ಬಂದಿದೆ ಎಂಬ ಮೆಸೇಜು. ಎಲುಬಿನ ಕ್ಯಾನ್ಸರ್ ಇದ್ದ ಹೆಂಗಸು, ನೋವು ತಡೆಯಲಾಗುತ್ತಿಲ್ಲ. ಪರದೆಯಲ್ಲಿ ನಮ್ಮ ಕಾರಿನ ಸಾಲಿನಲ್ಲಿ ಕಿತ್ತಳೆ ಬಣ್ಣ: ಮೂರರಿಂದ ಐವತ್ತು ನಿಮಿಷ, ಗೊತ್ತಿಲ್ಲ.

ತಕ್ಷಣ ಸಂಯೋಜಕಿಯ ಫೋನ್ ಬಂತು. ನಾವು ಸುತ್ತಿ ಹೋಗಲು ಅರ್ಧ ಗಂಟೆಗೂ ಮೇಲೆ ಬೇಕು. ಇನ್ನೊಬ್ಬ ನರ್ಸು ಸೇತುವೆಯ ಆಚೆ, ಜಿಲ್ಲೆಯ ದಕ್ಷಿಣ ತುದಿಗೆ ಹೊರಡಲು ಕಾರು ಹತ್ತಿದ್ದಳು. ಅವಳನ್ನು ತಡೆದು ಇತ್ತ ತಿರುಗಿಸಿದ್ದಾಯಿತು, ಇಪ್ಪತ್ತು ನಿಮಿಷದಲ್ಲಿ ಮುಟ್ಟುತ್ತಾಳೆ. ಹಳೆಯ ಪರದೆಯಿದ್ದಿದ್ದರೆ ಮೂರು ನಿಮಿಷವೆಂದು ಈ ಕರೆ ನಮ್ಮ ಪಾಲಿಗೆ ಬಂದು, ಆ ನರ್ಸು ಅಷ್ಟೊತ್ತಿಗೆ ದಕ್ಷಿಣಕ್ಕೆ ಹೋಗಿಬಿಟ್ಟಿರುತ್ತಿದ್ದಳು. ಮಂಗಳೂರಿನವಳು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು.

ಆಗ ನೀರಿನಾಚೆ ಒಂದು ಮನೆಯ ಬಾಗಿಲು ತೆರೆಯಿತು. ಸ್ವೆಟರಿನಲ್ಲೇ ಹೊರಗೆ ಓಡಿಬಂದ ವಯಸ್ಸಾದ ಗಂಡಸು ದಾರಿ ನೋಡಲೆಂದು ಅತ್ತಿತ್ತ ತಿರುಗಿ, ನಮ್ಮ ಬಿಳಿ ಕಾರನ್ನು ಕಂಡು ಎರಡೂ ಕೈ ಮೇಲೆತ್ತಿದ. ಮುಖ ಕಾಣುವಷ್ಟು ಹತ್ತಿರ. ಅವಳು ದಡದವರೆಗೆ ಓಡಿ, ನಾವಲ್ಲ, ಬೇರೆಯವರು ಬರುತ್ತಿದ್ದಾರೆ ಎಂದು ಜರ್ಮನಿನಲ್ಲಿ ಕೂಗಿದಳು. ನೀರಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಅವನು ತಲೆಯಾಡಿಸಿ, ಹೆಂಡತಿಗೆ ಹೇಳಲು ಒಳಗೆ ಓಡಿದ.

"ಅಯ್ಯೋ ದೇವರೇ, ಬಂದ್ರು ಅಂತ ಹೇಳ್ತಾನೆ ಅವ ಈಗ," ಎಂದು ಅವಳು ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅವನ ಏದುಸಿರು ಕೇಳಿತು. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಸೇತುವೆ, ಸುತ್ತುದಾರಿ, ಇನ್ನೊಂದು ಕಾರು, ಇಪ್ಪತ್ತು ನಿಮಿಷ.

"ಆದರೆ ನೀವು ಇಲ್ಲೇ ಇದ್ದೀರಲ್ಲ," ಅಂದ ಅವನು.

ಅದನ್ನೇ ಅಲ್ಲವೇ ನನ್ನ ಲೆಕ್ಕವೂ ಹೇಳಿದ್ದು ಎಂದು ನೆನೆದು ನನಗೆ ನಾಚಿಕೆಯಾಯಿತು. ಅವನೇ ಮತ್ತೆ ಕೇಳಿದ. ಕಿಟಕಿಯಿಂದ ಹೆಂಡತಿಗೆ ಕಾರು ಕಾಣುತ್ತದೆ, ಆ ನಿಮ್ಮವರು ಬರುವ ತನಕ ಅಲ್ಲೇ ನಿಂತಿರಲು ಆಗುತ್ತದೆಯೇ?

ನಾವು ಮುಂದೆ ಹೋಗಬೇಕಿದ್ದ ಮನೆಯವರು ಬರೀ ಬ್ಯಾಂಡೇಜಿಗೆ ಕಾಯುತ್ತಿದ್ದರು. ಅವಳು ಅವರಿಗೆ ತಡವಾಗುತ್ತದೆಂದು ತಿಳಿಸಿ, ಕಾರಿನ ದೀಪಗಳನ್ನು ಹಚ್ಚಿ ಮುಂದೆ ಬಂದು ನಿಂತಳು. ಆಚೆ ಕಿಟಕಿಯ ಪರದೆ ಸರಿಯಿತು, ಒಳಗೆ ಯಾರೋ ಮಂಚವನ್ನು ತಿರುಗಿಸುತ್ತಿದ್ದರು. ಅವಳು ಕೈ ಎತ್ತಿದಳು, ನಾನೂ ಎತ್ತಿದೆ. ಚಳಿಗೆ ಬೆರಳು ಮರಗಟ್ಟಿ ನಾನು ಎರಡು ಸಲ ಕೈ ಬದಲಿಸಿದೆ. ಆ ದಡದ ರಸ್ತೆಯಲ್ಲಿ ಬಿಳಿ ಕಾರು ಕಾಣಿಸಿ, ಆ ಬಾಗಿಲ ಮುಂದೆ ನಿಂತು, ನರ್ಸು ಚೀಲ ಹಿಡಿದು ಒಳಗೆ ಹೋದ ಮೇಲೂ ಅವಳು ಮಾತ್ರ ಕೈ ಇಳಿಸಲಿಲ್ಲ.